ಹವಳ ಕಂದಿದಾಗ ದೀಪವನ್ನು ಪರೀಕ್ಷಿಸುವ ಕ್ರಮ: ಹೊಸಬರ ಉಪ್ಪುನೀರಿನ ತೊಟ್ಟಿಗೆ ಒಂದು ದೋಷ ನಿವಾರಣೆ ಕೈಪಿಡಿ

ಉಪ್ಪುನೀರಿನ ತೊಟ್ಟಿಯಲ್ಲಿ ಹವಳ ಬೆಳೆಸಲು ತೊಡಗಿದವರಿಗೆ ಮೊದಲ ಕೆಲವು ತಿಂಗಳಲ್ಲಿ ಎದುರಾಗುವ ತೊಂದರೆ ಹೆಚ್ಚುಕಡಿಮೆ ಒಂದೇ ಬಗೆಯದು. ತಂದಿಟ್ಟಾಗ ಚೆನ್ನಾಗಿ ಅರಳಿಕೊಂಡಿದ್ದ ಹವಳವು ಎರಡು ಮೂರು ವಾರಗಳಲ್ಲಿ ಬಿಳಿಚಿಕೊಳ್ಳುತ್ತದೆ, ಇಲ್ಲವೇ ಕಂದುಬಣ್ಣಕ್ಕೆ ತಿರುಗುತ್ತದೆ, ಇಲ್ಲವೇ ಮುದುಡಿಕೊಂಡು ತೆರೆಯುವುದನ್ನೇ ನಿಲ್ಲಿಸುತ್ತದೆ. ಆಗ ಅನುಮಾನ ನೇರವಾಗಿ ದೀಪದ ಮೇಲೆ ಹೋಗುತ್ತದೆ. ಅನುಮಾನಪಡುವುದು ತಪ್ಪಲ್ಲ. ಆದರೆ ಅದನ್ನು ಖಚಿತಪಡಿಸಿಕೊಳ್ಳುವ ಮೊದಲೇ ದೀಪದ ಪ್ರಖರತೆಯನ್ನು ಏರಿಸುವುದು, ಎರಡು ದಿನ ಬಿಟ್ಟು ಇಳಿಸುವುದು, ಹವಳವನ್ನು ಮೇಲಿನ ಬಂಡೆಯಿಂದ ಕೆಳಕ್ಕೂ ಕೆಳಗಿನಿಂದ ಮೇಲಕ್ಕೂ ಸರಿಸುತ್ತ ಇರುವುದು, ಕೊನೆಗೆ ಬೇರೆ ದೀಪವನ್ನೇ ಕೊಂಡು ತರುವುದು, ಹೀಗೆ ಒಂದರ ಮೇಲೊಂದು ಬದಲಾವಣೆ ಮಾಡಿದಾಗ ಮೂಲ ದೋಷವನ್ನು ತಾಳಿಕೊಳ್ಳಬಹುದಾಗಿದ್ದ ಹವಳ ಕೂಡ ಆ ಬದಲಾವಣೆಗಳನ್ನು ತಾಳಲಾರದೆ ಸಾಯುತ್ತದೆ. ನಾನು ಕಳೆದುಕೊಂಡ ಮೊದಲ ಹವಳಗಳಲ್ಲಿ ಬಹುಪಾಲು ಹೀಗೆಯೇ ಹೋದವು.

ಆದ್ದರಿಂದ ಈ ಕೈಪಿಡಿಯು ದೀಪವನ್ನು ಮುಟ್ಟುವುದಕ್ಕೆ ಮೊದಲು ಕಣ್ಣಿನಿಂದ ಮಾಡಬಹುದಾದ ಒಂದು ಪರೀಕ್ಷೆಯಿಂದ ಪ್ರಾರಂಭವಾಗುತ್ತದೆ. ಬೆಳಕಿನ ದೋಷಕ್ಕೆ ತೊಟ್ಟಿಯಲ್ಲಿ ಒಂದು ಜಾಗವಿರುತ್ತದೆ, ನೀರಿನ ದೋಷಕ್ಕೆ ಜಾಗವಿರುವುದಿಲ್ಲ. ನೀರು ತೊಟ್ಟಿಯ ತುಂಬ ಒಂದೇ ಆಗಿರುವುದರಿಂದ ಲವಣಾಂಶವೋ ಕ್ಷಾರತೆಯೋ ಕೆಟ್ಟರೆ ಮೇಲಿನ ಹವಳವೂ ಕೆಳಗಿನ ಹವಳವೂ ಒಟ್ಟಿಗೆ ನರಳುತ್ತವೆ. ಬೆಳಕು ಹಾಗಲ್ಲ. ಅದು ದೀಪದ ಕೆಳಗೆ ನಡುವಿನಲ್ಲಿ ಹೆಚ್ಚು, ಅಂಚಿನಲ್ಲಿ ಕಡಿಮೆ, ಮೇಲೆ ಹೆಚ್ಚು, ತಳದಲ್ಲಿ ಕಡಿಮೆ, ಬಂಡೆಯ ಚಾಚಿನ ಅಡಿಯಲ್ಲಿ ಇನ್ನೂ ಕಡಿಮೆ. ಹಾಗಾಗಿ ಬೆಳಕಿನಿಂದ ಹುಟ್ಟಿದ ತೊಂದರೆ ಆ ಏರಿಳಿತವನ್ನೇ ಅನುಸರಿಸುತ್ತದೆ.

ಮೊದಲ ಹೆಜ್ಜೆ: ತೊಟ್ಟಿಯ ನಕ್ಷೆ ಬರೆಯುವುದು

ಒಂದು ಹಾಳೆಯ ಮೇಲೆ ತೊಟ್ಟಿಯನ್ನು ಮುಂದಿನಿಂದ ಕಂಡಂತೆ ಒಮ್ಮೆ, ಮೇಲಿನಿಂದ ಕಂಡಂತೆ ಇನ್ನೊಮ್ಮೆ ಬರೆದು, ಪ್ರತಿಯೊಂದು ಹವಳ ಇರುವ ಜಾಗವನ್ನು ಗುರುತಿಸಿ, ಅದರ ಪಕ್ಕದಲ್ಲಿ ಅದರ ಸ್ಥಿತಿಯನ್ನು ಒಂದೆರಡು ಪದಗಳಲ್ಲಿ ಬರೆಯಬೇಕು: ಬಿಳಿಚಿದೆ, ಕಂದಾಗಿದೆ, ಕಾಂಡ ಉದ್ದವಾಗಿದೆ, ಅಂಚು ಮಡಿಚಿದೆ, ಚೆನ್ನಾಗಿದೆ. ದೀಪ ಎಲ್ಲಿ ತೂಗುತ್ತಿದೆ ಎಂಬುದನ್ನೂ ಗುರುತಿಸಬೇಕು. ಇದು ಹತ್ತು ನಿಮಿಷದ ಕೆಲಸ, ಆದರೆ ಮುಂದಿನ ಎಲ್ಲ ತೀರ್ಮಾನಗಳೂ ಇದರ ಮೇಲೆಯೇ ನಿಲ್ಲುತ್ತವೆ. ಕೇವಲ ನೆನಪನ್ನು ನಂಬಿದರೆ ಚೆನ್ನಾಗಿರುವ ಹವಳಗಳು ಲೆಕ್ಕದಿಂದ ಬಿಟ್ಟುಹೋಗುತ್ತವೆ, ಮತ್ತು ಈ ಪರೀಕ್ಷೆಯಲ್ಲಿ ಚೆನ್ನಾಗಿರುವ ಹವಳಗಳು ಕೆಟ್ಟಿರುವವುಗಳಷ್ಟೇ ಮುಖ್ಯ.

ನಕ್ಷೆಯಲ್ಲಿ ಬಿಳಿಚಿದ ಹವಳಗಳೆಲ್ಲ ಮೇಲ್ಭಾಗದಲ್ಲಿ ದೀಪದ ನೇರ ಕೆಳಗೆ ಕೂಡಿಕೊಂಡಿದ್ದು ತಳದಲ್ಲಿರುವ ಅದೇ ಜಾತಿಯವು ಚೆನ್ನಾಗಿದ್ದರೆ, ಬೆಳಕು ಹೆಚ್ಚಾಗಿದೆ ಎಂದು ಬಹುಮಟ್ಟಿಗೆ ಹೇಳಬಹುದು. ಕಂದಿ ಉದ್ದಕ್ಕೆ ಚಾಚಿಕೊಂಡವು ಅಂಚುಗಳಲ್ಲಿಯೂ ಮೂಲೆಗಳಲ್ಲಿಯೂ ಇದ್ದರೆ ಅಲ್ಲಿಗೆ ಬೆಳಕು ತಲುಪುತ್ತಿಲ್ಲ. ಮೇಲೆ, ಕೆಳಗೆ, ನಡುವೆ, ಮೂಲೆಯಲ್ಲಿ ಎಲ್ಲೆಂದರಲ್ಲಿ ತೊಂದರೆ ಒಂದೇ ರೀತಿ ಹರಡಿದ್ದರೆ ದೀಪವನ್ನು ಹಾಗೆಯೇ ಬಿಟ್ಟು ನೀರಿನ ಕಡೆಗೆ ತಿರುಗಬೇಕು.

ಈ ನಿಯಮಕ್ಕೆ ಎರಡು ಅಪವಾದಗಳಿವೆ. ನೀರಿನ ಹರಿವು ಸಾಲದ ಮೂಲೆಯಲ್ಲಿ ಹವಳದ ಮೇಲೆ ಕಸ ಕೂತು ಅಂಗಾಂಶ ಕೊಳೆಯುತ್ತದೆ. ಇದಕ್ಕೂ ಜಾಗವಿದೆ, ಆದರೆ ಇದು ಬೆಳಕಿನದ್ದಲ್ಲ. ಹಾಗೆಯೇ ಪಕ್ಕದ ಹವಳ ಕುಟುಕುವುದರಿಂದ ಆಗುವ ಹಾನಿಗೂ ಜಾಗವಿದೆ. ಗ್ಯಾಲಾಕ್ಸಿಯಾದಂಥ ಹವಳಗಳು ರಾತ್ರಿಯಲ್ಲಿ ಒಂದು ಗೇಣಿಗೂ ಹೆಚ್ಚು ಉದ್ದದ ಕುಟುಕು ತಂತುಗಳನ್ನು ಚಾಚಿ ನೆರೆಯವನ್ನು ಸುಡುತ್ತವೆ. ಹಾನಿ ಹವಳದ ಒಂದೇ ಪಕ್ಕದಲ್ಲಿ, ಅದೂ ನೆರೆಯ ಹವಳಕ್ಕೆ ಮುಖಮಾಡಿದ ಪಕ್ಕದಲ್ಲಿ ಇದ್ದರೆ, ದೀಪ ಆರಿದ ಎರಡು ಗಂಟೆಯ ನಂತರ ಸಣ್ಣ ಟಾರ್ಚ್ ಹಿಡಿದು ನೋಡಿದರೆ ಕಾರಣ ಕಣ್ಣಿಗೇ ಕಾಣುತ್ತದೆ.

ಎರಡನೆಯ ಹೆಜ್ಜೆ: ನೀರನ್ನು ಅನುಮಾನದಿಂದ ಹೊರಗಿಡುವುದು

ನಕ್ಷೆ ಬೆಳಕಿನ ಕಡೆಗೆ ಬೆರಳು ತೋರಿದರೂ ನೀರಿನ ಪರೀಕ್ಷೆಯನ್ನು ಬಿಡಬಾರದು. ಏಕೆಂದರೆ ನೀರು ಕೆಟ್ಟಿರುವಾಗ ಬೆಳಕನ್ನು ತಾಳುವ ಹವಳದ ಶಕ್ತಿ ಕುಗ್ಗುತ್ತದೆ. ಲವಣಾಂಶ ಸಾವಿರಕ್ಕೆ 35 ಭಾಗದ ಹತ್ತಿರ, ಅಂದರೆ ಸಾಪೇಕ್ಷ ಸಾಂದ್ರತೆ 1.025 ರಿಂದ 1.026, ಉಷ್ಣತೆ 25 ರಿಂದ 26 ಡಿಗ್ರಿ ಸೆಲ್ಸಿಯಸ್, ಕ್ಷಾರತೆ 8 ರಿಂದ 9 ಡಿಕೆಎಚ್ (ಕ್ಷಾರತೆಯನ್ನು ಅಳೆಯುವ ಮಾನ), ಕ್ಯಾಲ್ಸಿಯಂ 400 ರಿಂದ 450 ಪಿಪಿಎಂ (ಹತ್ತು ಲಕ್ಷಕ್ಕೆ ಇಷ್ಟು ಭಾಗ), ಮೆಗ್ನೀಸಿಯಂ 1250 ರಿಂದ 1350 ಪಿಪಿಎಂ ಇದ್ದರೆ ಹೊಸಬರ ತೊಟ್ಟಿಗೆ ಸಾಕು. ಈ ಸಂಖ್ಯೆಗಳನ್ನು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಹಿಡಿಯುವುದಕ್ಕಿಂತ ಅವು ದಿನದಿಂದ ದಿನಕ್ಕೆ ಏರುಪೇರಾಗದಂತೆ ನೋಡಿಕೊಳ್ಳುವುದು ಹೆಚ್ಚು ಮುಖ್ಯ.

ಹೊಸಬರು ತಪ್ಪಾಗಿ ಓದುವ ಎರಡು ಅಂಕಿಗಳು ನೈಟ್ರೇಟ್ ಮತ್ತು ಫಾಸ್ಫೇಟ್. ಇವು ಸೊನ್ನೆಯಾದರೆ ನೀರು ಶುದ್ಧವಾಗಿದೆ ಎಂದು ಸಂತೋಷಪಡುವವರು ಬಹಳ ಜನ. ಆದರೆ ಹವಳದ ಅಂಗಾಂಶದೊಳಗೆ ವಾಸಿಸಿ ಅದಕ್ಕೆ ಆಹಾರ ಒದಗಿಸುವ ಪಾಚಿಗೂ ಸಾರಜನಕ ಮತ್ತು ರಂಜಕ ಬೇಕು. ಅವು ಸಿಗದಿದ್ದರೆ ಬೆಳಕು ಸರಿಯಾಗಿದ್ದರೂ ಹವಳ ಮಂಕಾಗಿ ಬಿಳಿಚುತ್ತದೆ, ಮತ್ತು ಅದನ್ನು ನೋಡಿದವರು ಬೆಳಕು ಹೆಚ್ಚಾಯಿತೆಂದು ದೀಪವನ್ನು ತಗ್ಗಿಸುತ್ತಾರೆ. ನೈಟ್ರೇಟ್ 2 ರಿಂದ 10 ಪಿಪಿಎಂ, ಫಾಸ್ಫೇಟ್ 0.03 ರಿಂದ 0.1 ಪಿಪಿಎಂ ಇರುವ ನೀರಿನಲ್ಲಿ ಹವಳ ನೆಮ್ಮದಿಯಾಗಿರುತ್ತದೆ. ಎಲ್ಲ ಎತ್ತರಗಳಲ್ಲಿಯೂ ಹವಳಗಳು ಸಮನಾಗಿ ಬಿಳಿಚಿದ್ದು ಈ ಎರಡೂ ಸೊನ್ನೆಯಾಗಿದ್ದರೆ ದೋಷ ದೀಪದ್ದಲ್ಲ, ಹಸಿವಿನದು.

ಹವಳದ ಬಣ್ಣ ಏನು ಹೇಳುತ್ತದೆ

ಮುಂದಿನ ಲಕ್ಷಣಗಳನ್ನು ಸರಿಯಾಗಿ ಓದಲು ಒಂದು ವಿಷಯ ತಿಳಿದಿರಬೇಕು. ತೊಟ್ಟಿಯಲ್ಲಿ ನಾವು ಸಾಕುವ ಹವಳಗಳಲ್ಲಿ ಬಹುತೇಕ ಎಲ್ಲವುಗಳ ಅಂಗಾಂಶದೊಳಗೆ ಜೂಜಾಂತೆಲ್ಲೆ ಎಂಬ ಏಕಕೋಶ ಪಾಚಿಗಳು ವಾಸಿಸುತ್ತವೆ. ಅವು ದ್ಯುತಿಸಂಶ್ಲೇಷಣೆಯಿಂದ ತಯಾರಿಸುವ ಸಕ್ಕರೆಯೇ ಹವಳದ ಮುಖ್ಯ ಆಹಾರ. ಈ ಪಾಚಿಗಳ ಬಣ್ಣ ಕಂದು. ಹವಳದಲ್ಲಿ ನಾವು ಮೆಚ್ಚುವ ಹಸಿರು, ಕೆಂಪು, ನೇರಳೆ ಬಣ್ಣಗಳು ಹವಳವೇ ತಯಾರಿಸುವ ಪ್ರೋಟೀನುಗಳಿಂದ ಬರುತ್ತವೆ. ಬೆಳಕು ಸಾಲದಾದಾಗ, ಅಥವಾ ನೀರಿನಲ್ಲಿ ಪೋಷಕಾಂಶ ಬಹಳ ಹೆಚ್ಚಿದಾಗ, ಪಾಚಿಗಳ ಸಂಖ್ಯೆ ಮತ್ತು ಅವುಗಳ ವರ್ಣಕ ಹೆಚ್ಚಿ ಹವಳ ಕಂದಾಗುತ್ತದೆ. ಬೆಳಕು ಅಥವಾ ಉಷ್ಣತೆ ಮಿತಿಮೀರಿದಾಗ ಪಾಚಿಗಳು ಹಾನಿಕರ ಆಮ್ಲಜನಕ ರೂಪಗಳನ್ನು ಹೊರಹಾಕತೊಡಗುತ್ತವೆ, ಹವಳ ಆ ಪಾಚಿಗಳನ್ನು ತನ್ನ ಮೈಯಿಂದ ಹೊರದೂಡಿ ಬಿಳಿಚುತ್ತದೆ.

ಪಾಚಿಗಳು ಹೊರಹೋಗತೊಡಗಿದ ಮೊದಲ ದಿನಗಳಲ್ಲಿ ಕಂದುಬಣ್ಣದ ಪರದೆ ಸರಿದು ಒಳಗಿನ ಹೊಳೆಯುವ ಪ್ರೋಟೀನುಗಳು ಇನ್ನಷ್ಟು ಎದ್ದು ಕಾಣುವುದರಿಂದ, ಹವಳ ಹಿಂದೆಂದಿಗಿಂತ ಸುಂದರವಾಗಿ, ತಿಳಿಬಣ್ಣದಲ್ಲಿ ಮಿನುಗುತ್ತಿರುವಂತೆ ತೋರಬಹುದು. ಹೊಸ ದೀಪ ಹಾಕಿದ ವಾರದೊಳಗೆ ಹವಳದ ಬಣ್ಣ ಅದ್ಭುತವಾಗಿ ತೆರೆದುಕೊಂಡಿತೆಂದು ಯಾರಾದರೂ ಹೇಳಿದರೆ ನನಗೆ ಸಂತೋಷಕ್ಕಿಂತ ಆತಂಕವೇ ಹೆಚ್ಚು.

ಮೂರನೆಯ ಹೆಜ್ಜೆ: ಬೆಳಕನ್ನು ಅಳೆಯುವುದು

ಕಣ್ಣು ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ಮನುಷ್ಯನ ಕಣ್ಣು ಹಸಿರು-ಹಳದಿಯ ಸುತ್ತ, ಸುಮಾರು 555 ನ್ಯಾನೋಮೀಟರ್ ತರಂಗಾಂತರದಲ್ಲಿ ಅತಿ ಚುರುಕು, ಹವಳದೊಳಗಿನ ಪಾಚಿಯಾದರೋ 400 ರಿಂದ 500 ನ್ಯಾನೋಮೀಟರಿನ ನೀಲಿ-ನೇರಳೆ ಬೆಳಕನ್ನು ಹೆಚ್ಚು ಹೀರುತ್ತದೆ. ಹೀಗಾಗಿ ಕೇವಲ ನೀಲಿ ಎಲ್‌ಇಡಿಗಳು ಉರಿಯುತ್ತಿರುವ ತೊಟ್ಟಿ ನಮಗೆ ಮಂದವಾಗಿ ಕಂಡರೂ ಹವಳಕ್ಕೆ ಅದು ಸುಡುಬಿಸಿಲಾಗಿರಬಹುದು.

ಹವಳಕ್ಕೆ ಸಲ್ಲುವ ಅಳತೆಯನ್ನು ಪಾರ್ ಎನ್ನುತ್ತಾರೆ. 400 ರಿಂದ 700 ನ್ಯಾನೋಮೀಟರ್ ವ್ಯಾಪ್ತಿಯ ಎಷ್ಟು ಫೋಟಾನ್‌ಗಳು ಒಂದು ಚದರ ಮೀಟರಿನ ಮೇಲೆ ಪ್ರತಿ ಸೆಕೆಂಡಿಗೆ ಬೀಳುತ್ತವೆ ಎಂಬುದನ್ನು ಅದು ಮೈಕ್ರೋಮೋಲ್‌ಗಳಲ್ಲಿ ಹೇಳುತ್ತದೆ. ನಡುಹಗಲಿನ ತೆರೆದ ಬಿಸಿಲಿನಲ್ಲಿ ಈ ಅಂಕಿ ಸುಮಾರು 2000. ಅಳೆಯಲು ನೀರಿನಲ್ಲಿ ಮುಳುಗಿಸಬಹುದಾದ ಸೆನ್ಸರ್ ಇರುವ ಪಾರ್ ಮೀಟರ್ ಬೇಕು, ಅದನ್ನು ಕೊಳ್ಳಬೇಕೆಂದಿಲ್ಲ, ಒಂದು ದಿನದ ಮಟ್ಟಿಗೆ ಎರವಲು ಸಿಕ್ಕರೂ ಸಾಕು. ದೀಪ ದಿನದ ಗರಿಷ್ಠ ಮಟ್ಟದಲ್ಲಿ ಉರಿಯುತ್ತಿರುವಾಗ ಸೆನ್ಸರನ್ನು ಪ್ರತಿ ಹವಳದ ಪಕ್ಕದಲ್ಲಿ ಮೇಲ್ಮುಖವಾಗಿ ಹಿಡಿದು, ನೀರಿನ ಅಲೆಯಿಂದ ಅಂಕಿ ಕುಣಿಯುವುದರಿಂದ ಹತ್ತು ಸೆಕೆಂಡು ಕಾದು, ಸರಾಸರಿಯನ್ನು ನಕ್ಷೆಯ ಮೇಲೆ ಬರೆಯಬೇಕು. ಕೆಲವು ಸೆನ್ಸರ್‌ಗಳು ನೀರಿನೊಳಗೆ ನಿಜಕ್ಕಿಂತ ಕಡಿಮೆ ತೋರಿಸುತ್ತವೆ, ಅಂಥವಕ್ಕೆ ತಯಾರಕರು ಕೊಟ್ಟ ಗುಣಕದಿಂದ ಗುಣಿಸಿಕೊಳ್ಳಬೇಕು.

ಮೊಬೈಲಿನ ಲಕ್ಸ್ ಅಳತೆಯ ಬಗ್ಗೆ ಒಂದು ಎಚ್ಚರಿಕೆ ಅಗತ್ಯ. ಲಕ್ಸ್ ಎಂಬುದು ಮನುಷ್ಯನ ಕಣ್ಣಿನ ಅಳತೆ. ಬಿಸಿಲಿನಲ್ಲಿ ಸುಮಾರು 54 ಲಕ್ಸ್ ಒಂದು ಮೈಕ್ರೋಮೋಲಿಗೆ ಸಮ ಎಂಬ ಲೆಕ್ಕ ಪ್ರಸಿದ್ಧವಾಗಿದೆ, ಆದರೆ ನೀಲಿ ಪ್ರಧಾನವಾದ ಹವಳದ ದೀಪಕ್ಕೆ ಅದೇ ಲೆಕ್ಕ ಹಿಡಿದರೆ ನಿಜವಾದ ಪಾರ್‌ಗಿಂತ ತೀರ ಕಡಿಮೆ ಅಂಕಿ ಬರುತ್ತದೆ. ಬೆಳಕು ಸಾಲದೆಂದು ನಂಬಿ ದೀಪವನ್ನು ಏರಿಸಿ ಹವಳಗಳನ್ನು ಸುಟ್ಟುಕೊಂಡವರಲ್ಲಿ ಅನೇಕರ ತಪ್ಪು ಇದೊಂದೇ. ಮೊಬೈಲಿನ ಲಕ್ಸನ್ನು ಒಂದೇ ದೀಪದ ಕೆಳಗೆ ಎರಡು ಜಾಗಗಳನ್ನು ಹೋಲಿಸಲು, ಅಥವಾ ಒಂದೇ ಜಾಗದಲ್ಲಿ ಆರು ತಿಂಗಳ ಅಂತರದ ಎರಡು ಅಳತೆಗಳನ್ನು ಹೋಲಿಸಲು ಮಾತ್ರ ಬಳಸಬಹುದು.

ಬಂದ ಅಂಕಿಗಳನ್ನು ಹವಳದ ಬಗೆಗೆ ತಕ್ಕಂತೆ ಓದಬೇಕು. ಮಶ್ರೂಮ್, ಜೋಯಾಂಥಿಡ್, ಲೆದರ್, ಜೀನಿಯಾ ಮುಂತಾದ ಮೃದು ಹವಳಗಳಿಗೆ 50 ರಿಂದ 100 ಮೈಕ್ರೋಮೋಲ್ ಧಾರಾಳ, ಮಶ್ರೂಮ್‌ಗಳು ಅದರ ಕೆಳತುದಿಯಲ್ಲೇ ಸುಖವಾಗಿರುತ್ತವೆ. ಹ್ಯಾಮರ್, ಟಾರ್ಚ್, ಡಂಕನ್, ಕ್ಯಾಂಡಿ ಕೇನ್ ಮುಂತಾದ ದೊಡ್ಡ ಪಾಲಿಪ್‌ಗಳ ಕಲ್ಲುಹವಳಗಳಿಗೆ (ಪಾಲಿಪ್ ಎಂದರೆ ಹವಳವನ್ನು ಕಟ್ಟುವ, ಬಾಯಿಯುಳ್ಳ ಪುಟ್ಟ ಜೀವಿ) 80 ರಿಂದ 150. ಸಣ್ಣ ಪಾಲಿಪ್ ಕಲ್ಲುಹವಳಗಳಲ್ಲಿ ಮಾಂಟಿಪೊರಾದಂಥವಕ್ಕೆ 150 ರಿಂದ 250, ಅಕ್ರೊಪೊರಾಗಳಿಗೆ 250 ರಿಂದ 350. ಇವು ಸಾಕುವವರ ಬಳಕೆಯಿಂದ ಬಂದ ಅಂದಾಜುಗಳೇ ಹೊರತು ಗೆರೆ ಕೊರೆದ ಮಿತಿಗಳಲ್ಲ, ಆದರೆ ನಿಮ್ಮ ಹ್ಯಾಮರ್ ಹವಳದ ಪಕ್ಕದಲ್ಲಿ ಮೀಟರು 320 ತೋರಿಸಿದರೆ ಬೇರೆ ಕಾರಣ ಹುಡುಕುವ ಅಗತ್ಯವಿಲ್ಲ.

ಪ್ರಖರತೆಯ ಜೊತೆಗೆ ಅವಧಿಯೂ ಸೇರಿದಾಗಲೇ ಹವಳಕ್ಕೆ ಸಿಕ್ಕ ಬೆಳಕಿನ ಪೂರ್ಣ ಲೆಕ್ಕ ಸಿಗುತ್ತದೆ. 100 ಮೈಕ್ರೋಮೋಲ್ ಬೆಳಕು 8 ಗಂಟೆ ಬಿದ್ದರೆ ದಿನಕ್ಕೆ ಚದರ ಮೀಟರಿಗೆ 2.88 ಮೋಲ್, 80 ಮೈಕ್ರೋಮೋಲ್ 10 ಗಂಟೆ ಬಿದ್ದರೂ ಅಷ್ಟೇ. ಆದ್ದರಿಂದ ದೀಪ ತುಸು ದುರ್ಬಲವಾಗಿದ್ದರೆ ಒಂದೆರಡು ಗಂಟೆ ಹೆಚ್ಚು ಉರಿಸಿ ಸರಿದೂಗಿಸಬಹುದು. ಇದರ ವಿರುದ್ಧ ದಿಕ್ಕಿನ ಲೆಕ್ಕ ಹಾಗೆ ನಡೆಯುವುದಿಲ್ಲ: ದೀಪ ಅತಿ ಪ್ರಖರವಾಗಿದ್ದರೆ ಗಂಟೆಗಳನ್ನು ಇಳಿಸಿದರೂ ಉರಿಯುವಷ್ಟು ಹೊತ್ತು ಅದು ಪಾಚಿಯ ದ್ಯುತಿಸಂಶ್ಲೇಷಣೆಯ ಯಂತ್ರವನ್ನು ಹಾಳುಮಾಡುತ್ತಲೇ ಇರುತ್ತದೆ. ಆಗ ಪ್ರಖರತೆಯನ್ನೇ ತಗ್ಗಿಸಬೇಕು.

ಲಕ್ಷಣ: ಬಿಳಿಚಿದೆ

ಮೊದಲು ಕೇಳಬೇಕಾದ ಪ್ರಶ್ನೆ, ಬಿಳಿಯ ಮೇಲೆ ಚರ್ಮವಿದೆಯೇ ಎಂಬುದು. ಪಾಚಿ ಕಳೆದುಕೊಂಡ ಹವಳದ ಅಂಗಾಂಶ ಪಾರದರ್ಶಕವಾಗುವುದರಿಂದ ಅದರ ಮೂಲಕ ಬಿಳಿಯ ಅಸ್ಥಿಪಂಜರ ಕಾಣುತ್ತದೆ, ಆದರೆ ಪಾಲಿಪ್‌ಗಳು ಇನ್ನೂ ಇರುತ್ತವೆ, ಆಹಾರ ಕೊಟ್ಟರೆ ಬಾಯಿ ತೆರೆಯುತ್ತವೆ. ಈ ಹವಳ ಬದುಕಿದೆ, ಉಳಿಸಬಹುದು. ಅಂಗಾಂಶವೇ ಸುಲಿದು ಹೋಗಿ ಬರಿಯ ಮೂಳೆ ಹೊರಬಿದ್ದಿದ್ದರೆ ಅದು ಬೇರೆ ರೋಗ. ಬುಡದಿಂದ ಮೇಲಕ್ಕೆ ಏರುವ ಅಥವಾ ಗಂಟೆಗಟ್ಟಲೆಯಲ್ಲಿ ಹರಡುವ ಸುಲಿತವು ಸಾಮಾನ್ಯವಾಗಿ ಕ್ಷಾರತೆಯ ಹಠಾತ್ ಏರಿಳಿತ, ಸೋಂಕು ಅಥವಾ ಕೀಟಗಳಿಂದ ಬರುತ್ತದೆ. ಆಗ ದೀಪ ತಿದ್ದುತ್ತ ಕೂತರೆ ಸಮಯ ಕಳೆದುಹೋಗುತ್ತದೆ. ಸುಲಿದ ಭಾಗಕ್ಕಿಂತ ಸಾಕಷ್ಟು ದೂರದಲ್ಲಿ ಕತ್ತರಿಸಿ ಆರೋಗ್ಯವಾಗಿರುವ ತುಂಡನ್ನು ಬೇರ್ಪಡಿಸುವುದು ತುರ್ತು ಕೆಲಸ.

ಅತಿಬೆಳಕಿನಿಂದ ಬಿಳಿಚಿದ ಹವಳದಲ್ಲಿ ಬಣ್ಣ ಮೊದಲು ಹೋಗುವುದು ದೀಪಕ್ಕೆ ಮುಖಮಾಡಿದ ಮೇಲ್ಮೈಯಲ್ಲಿ, ಅದರ ನೆರಳಿನ ಪಕ್ಕ ಕಂದಾಗಿಯೇ ಉಳಿಯುತ್ತದೆ. ಉಷ್ಣತೆಯಿಂದ ಬಿಳಿಚಿದ್ದರೆ ಎರಡೂ ಪಕ್ಕಗಳು ಬಿಳಿಚುವ ಸಾಧ್ಯತೆ ಹೆಚ್ಚು. ಮೆಟಲ್ ಹಾಲೈಡ್ ದೀಪ ಬಳಸುವವರಲ್ಲಿ ಈ ಎರಡು ಕಾರಣಗಳು ಒಟ್ಟಿಗೆ ಬರುತ್ತವೆ, ಏಕೆಂದರೆ ಆ ದೀಪ ನೀರನ್ನೂ ಕಾಯಿಸುತ್ತದೆ. ಅದಕ್ಕಾಗಿ ಉಷ್ಣತೆಯನ್ನು ಬೆಳಿಗ್ಗೆ ಒಮ್ಮೆ ನೋಡಿದರೆ ಸಾಲದು, ದೀಪ ಆರುವ ಹೊತ್ತಿಗೆ ಸರಿಯಾಗಿ ಇನ್ನೊಮ್ಮೆ ನೋಡಬೇಕು.

ದೀಪವನ್ನು ಯಾರೂ ಮುಟ್ಟದೆ ಇದ್ದರೂ ಬೆಳಕು ಏರಬಹುದು. ತೊಟ್ಟಿಯ ನೀರಿನಲ್ಲಿ ಕಾಲಕ್ರಮೇಣ ಹಳದಿ ಬಣ್ಣದ ಸಾವಯವ ಪದಾರ್ಥಗಳು ಕೂಡಿಕೊಳ್ಳುತ್ತವೆ, ಅವು ನೀಲಿ ಬೆಳಕನ್ನೇ ಹೆಚ್ಚಾಗಿ ಹೀರುತ್ತವೆ. ತಿಂಗಳುಗಟ್ಟಲೆ ಹೀಗಿದ್ದ ನೀರಿಗೆ ಒಂದು ದಿನ ಧಾರಾಳವಾಗಿ ಆಕ್ಟಿವೇಟೆಡ್ ಕಾರ್ಬನ್ (ನೀರಿನ ಬಣ್ಣವನ್ನು ಹೀರುವ ಇದ್ದಿಲು) ಹಾಕಿದರೆ ಒಂದೆರಡು ದಿನದಲ್ಲಿ ನೀರು ಸ್ಫಟಿಕದಂತಾಗಿ, ಹವಳದ ಮೇಲೆ ಬೀಳುವ ನೀಲಿ ಬೆಳಕು ಒಮ್ಮೆಲೇ ಹೆಚ್ಚುತ್ತದೆ. ನನ್ನ ತೊಟ್ಟಿಯ ಮೇಲಿನ ಸಾಲಿನ ಮೂರು ಹವಳಗಳು ಹೀಗೆ ಬಿಳಿಚಿದಾಗ ನಾನು ದೀಪದ ನಿಯಂತ್ರಕವನ್ನು ಬಿಚ್ಚಿ ಪರೀಕ್ಷಿಸಿ, ನೀರನ್ನು ಮೂರು ಬಾರಿ ಅಳೆದು, ಏನೂ ತಿಳಿಯದೆ ಒಂದು ವಾರ ಕಳೆದೆ. ಪರೀಕ್ಷೆ ಸುಲಭ: ತೊಟ್ಟಿಯ ನೀರನ್ನು ಒಂದು ಬಿಳಿಯ ಬಕೆಟ್ಟಿನಲ್ಲಿ, ಹೊಸದಾಗಿ ಕಲಸಿದ ಉಪ್ಪುನೀರನ್ನು ಇನ್ನೊಂದರಲ್ಲಿ ತುಂಬಿ ಅಕ್ಕಪಕ್ಕ ಇಟ್ಟು ನೋಡಬೇಕು. ಹಳದಿ ಛಾಯೆ ಕಂಡರೆ ಕಾರ್ಬನನ್ನು ಸ್ವಲ್ಪ ಸ್ವಲ್ಪವಾಗಿ, ದೀಪವನ್ನು ಐದನೆಯ ಒಂದು ಭಾಗದಷ್ಟು ತಗ್ಗಿಸಿಕೊಂಡು ಹಾಕಬೇಕು. ನೀರಿನ ಮೇಲೆ ಮುಚ್ಚಿದ ಗಾಜಿನ ಉಪ್ಪಿನ ಪದರವನ್ನು ಬಹಳ ದಿನಗಳ ನಂತರ ತಿಕ್ಕಿ ತೊಳೆದಾಗಲೂ ಇದೇ ಆಗುತ್ತದೆ.

ಲಕ್ಷಣ: ಕಂದಾಗಿದೆ, ಉದ್ದಕ್ಕೆ ಚಾಚಿಕೊಂಡಿದೆ

ಬೆಳಕು ಸಾಲದ ಜೋಯಾಂಥಿಡ್‌ಗಳ ಕಾಂಡ ಗಿಡದಂತೆ ದೀಪದ ಕಡೆಗೆ ಉದ್ದವಾಗುತ್ತದೆ. ಮಶ್ರೂಮ್‌ಗಳು ಅಗಲವಾಗಿ, ತೆಳ್ಳಗೆ, ತಟ್ಟೆಯಂತೆ ಹರಡಿಕೊಳ್ಳುತ್ತವೆ, ಅವುಗಳ ಮೇಲೆ ಬೆಳಕು ಹೆಚ್ಚಾದಾಗ ಇದಕ್ಕೆ ವಿರುದ್ಧವಾಗಿ ಕುಗ್ಗಿ ಅಂಚು ಮೇಲಕ್ಕೆ ಮಡಿಚುತ್ತದೆ. ಮಾಂಟಿಪೊರಾದಂಥ ಹವಳ ಬಣ್ಣ ಕಳೆದುಕೊಂಡು ಕಾಫಿಪುಡಿಯ ಬಣ್ಣಕ್ಕೆ ತಿರುಗುತ್ತದೆ ಮತ್ತು ಬೆಳೆಯುವ ಅಂಚಿನ ಬಿಳಿಗೆರೆ ಕಾಣೆಯಾಗುತ್ತದೆ. ಇವುಗಳಲ್ಲಿ ಕಾಂಡ ಉದ್ದವಾಗುವುದು ಬೆಳಕಿನ ಕೊರತೆಗೆ ಗಟ್ಟಿ ಸಾಕ್ಷಿ. ಬರಿಯ ಕಂದುಬಣ್ಣ ಅಷ್ಟು ಗಟ್ಟಿಯಲ್ಲ, ಏಕೆಂದರೆ ಪೋಷಕಾಂಶದ ಹೆಚ್ಚಳವೂ ಅದನ್ನೇ ಮಾಡುತ್ತದೆ. ಕಂದಾಗಿದ್ದು, ಕಾಂಡ ಗಿಡ್ಡವಾಗಿಯೇ ಇದ್ದು, ನೈಟ್ರೇಟ್ 30 ಪಿಪಿಎಂ ದಾಟಿದ್ದರೆ ಮೊದಲು ಆಹಾರ ಹಾಕುವ ಪ್ರಮಾಣವನ್ನು ನೋಡಬೇಕು.

ಕಂದಾಗುವುದು ನಿಧಾನದ ತೊಂದರೆ, ಅದರಲ್ಲಿ ಅವಸರವಿಲ್ಲ. ಕಂದುಬಣ್ಣಕ್ಕೆ ತಿರುಗಿದ ಹವಳ ತಿಂಗಳುಗಟ್ಟಲೆ ಬದುಕುತ್ತದೆ, ಅತಿಬೆಳಕಿಗೆ ಬಿದ್ದ ಹವಳ ಕೆಲವೇ ದಿನಗಳಲ್ಲಿ ಹೋಗಬಹುದು. ಯಾವ ಕಡೆಗೆ ತಪ್ಪಬೇಕೆಂಬ ಸಂದೇಹ ಬಂದಾಗ ಬೆಳಕು ಕಡಿಮೆಯಿರುವ ಕಡೆಗೆ ತಪ್ಪುವುದೇ ಒಳ್ಳೆಯದು.

ಲಕ್ಷಣ: ಮರಳಿನ ಮೇಲೆ, ಗಾಜಿನ ಮೇಲೆ ಪಾಚಿ

ಹೊಸ ತೊಟ್ಟಿಯಲ್ಲಿ ಮರಳಿನ ಮೇಲೆ ಕಂದು ಪುಡಿಯಂತೆ ಬರುವ ಡಯಾಟಮ್‌ಗಳು ಸಿಲಿಕೇಟ್ ಮುಗಿದಂತೆ ತಾವಾಗಿಯೇ ಹೋಗುತ್ತವೆ. ಅದಕ್ಕಾಗಿ ದೀಪ ಆರಿಸುವುದು ಬೇಡ. ಹಸಿರು ಎಳೆಪಾಚಿಗೆ ಬೆಳಕು ಬೇಕೆಂಬುದು ನಿಜ, ಆದರೆ ಅದನ್ನು ಬೆಳೆಸುವುದು ಪೋಷಕಾಂಶ. ದಿನಕ್ಕೆ 12 ಗಂಟೆಗಿಂತ ಹೆಚ್ಚು ದೀಪ ಉರಿಯುತ್ತಿದ್ದರೆ 8 ರಿಂದ 10 ಗಂಟೆಗೆ ಇಳಿಸುವುದು ನ್ಯಾಯ. ಅದಕ್ಕಿಂತ ಹೆಚ್ಚಿನದನ್ನು ದೀಪದಿಂದ ನಿರೀಕ್ಷಿಸಬಾರದು.

ಚೆನ್ನಾಗಿದ್ದ ತೊಟ್ಟಿ ಇದ್ದಕ್ಕಿದ್ದಂತೆ ಕೆಟ್ಟರೆ: ದೀಪದ ಯಂತ್ರದೋಷ

ಒಂದು ವರ್ಷ ಎಲ್ಲವೂ ಸರಿಯಾಗಿದ್ದು ನಂತರ ಹವಳಗಳು ನಿಧಾನವಾಗಿ ಕಂದುಬಣ್ಣಕ್ಕೆ ತಿರುಗತೊಡಗಿದರೆ ದೀಪವನ್ನು ಕೆಳಗಿಳಿಸಿ ಹತ್ತಿರದಿಂದ ನೋಡುವ ಸಮಯ ಬಂದಿದೆ. ಸಿಡಿದ ನೀರಹನಿಗಳು ಒಣಗಿ ಲೆನ್ಸ್‌ನ ಮೇಲೆ ಉಪ್ಪಿನ ಪದರ ಕಟ್ಟಿರುತ್ತದೆ. ವಿದ್ಯುತ್ ಸಂಪರ್ಕ ತೆಗೆದು, ದೀಪ ತಣಿದ ಮೇಲೆ, ಶುದ್ಧ ನೀರಿನಲ್ಲಿ ಅದ್ದಿ ಹಿಂಡಿದ ಮೆದುಬಟ್ಟೆಯಿಂದ ಒರೆಸಬೇಕು. ಟಿ5 ಎಂಬ ತೆಳು ಫ್ಲೋರೊಸೆಂಟ್ ಟ್ಯೂಬ್‌ಗಳಾದರೆ ಉರಿಯುತ್ತಲೇ ಇದ್ದರೂ ಅವುಗಳ ಶಕ್ತಿ ಕುಂದುತ್ತದೆ, ಆದ್ದರಿಂದ 9 ರಿಂದ 12 ತಿಂಗಳಿಗೊಮ್ಮೆ ಬದಲಿಸುವುದು ರೂಢಿ. ಎಲ್ಲವನ್ನೂ ಒಂದೇ ದಿನ ಬದಲಿಸದೆ ವಾರಕ್ಕೊಂದರಂತೆ ಬದಲಿಸಿದರೆ ಹವಳಕ್ಕೆ ಆಘಾತವಾಗುವುದಿಲ್ಲ.

ಎಲ್‌ಇಡಿ ದೀಪದಲ್ಲಿ ನೋಡಬೇಕಾದುದು ಫ್ಯಾನ್. ದೂಳು ಕಟ್ಟಿ ಅದು ನಿಂತರೆ ಅನೇಕ ದೀಪಗಳು ತಮ್ಮ ರಕ್ಷಣೆಗಾಗಿ ಪ್ರಖರತೆಯನ್ನು ತಾವೇ ಇಳಿಸಿಕೊಳ್ಳುತ್ತವೆ, ಬೆಳಿಗ್ಗೆ ಸರಿಯಾಗಿ ಉರಿದ ದೀಪ ಮಧ್ಯಾಹ್ನದ ಹೊತ್ತಿಗೆ ಮಂಕಾಗುತ್ತದೆ. ಇನ್ನೊಂದು ದೋಷ ಕಣ್ಣಿಗೆ ಕಾಣುವುದೇ ಇಲ್ಲ: ಒಂದೇ ಬಣ್ಣದ ಎಲ್‌ಇಡಿಗಳನ್ನು ಸರಣಿಯಲ್ಲಿ ಜೋಡಿಸಿರುವುದರಿಂದ ಒಂದು ಎಲ್‌ಇಡಿಯಲ್ಲಿ ಸಂಪರ್ಕ ಕಡಿದರೆ ಆ ಸರಣಿಯೇ ಆರುತ್ತದೆ. ಬಿಳಿಯ ಸರಣಿ ಆರಿದರೆ ತಕ್ಷಣ ತಿಳಿಯುತ್ತದೆ, ನೇರಳೆಯದು ಆರಿದರೆ ತಿಂಗಳುಗಟ್ಟಲೆ ತಿಳಿಯದು. ಆದ್ದರಿಂದ ತಿಂಗಳಿಗೊಮ್ಮೆ ಒಂದೊಂದೇ ಬಣ್ಣವನ್ನು ಬೇರೆಯಾಗಿ ಉರಿಸಿ, ದೀಪದ ಕೆಳಗೆ ಹಿಡಿದ ಬಿಳಿಹಾಳೆಯ ಮೇಲೆ ಅದರ ಬೆಳಕನ್ನು ನೋಡಬೇಕು. ಎಲ್‌ಇಡಿಯನ್ನು, ಅದರಲ್ಲೂ ನೀಲಿ-ನೇರಳೆಯನ್ನು, ನೇರವಾಗಿ ದಿಟ್ಟಿಸಬಾರದು.

ವಿದ್ಯುತ್ ಹೋಗಿ ಬಂದ ನಂತರ ಟೈಮರಿನ ಗಡಿಯಾರ ಹಿಂದೆ ಸರಿದು ದೀಪ ನಡುರಾತ್ರಿಯಲ್ಲಿ ಉರಿಯುತ್ತಿರುವುದೂ ಉಂಟು. ಹಗಲು ಕೋಣೆಯ ಬೆಳಕು, ರಾತ್ರಿ ದೀಪದ ಬೆಳಕು ಸೇರಿ ಹವಳಗಳಿಗೆ ಕತ್ತಲೆಯೇ ಸಿಗದಂತಾಗುತ್ತದೆ. ಬೆಳಕಿನ ದೋಷಗಳಲ್ಲಿ ಜಾಗವಿಲ್ಲದೆ ತೊಟ್ಟಿಯ ತುಂಬ ಹರಡುವ ದೋಷ ಇದೊಂದೇ ಎನ್ನಬಹುದು.

ದೀಪದ ಆಯ್ಕೆಯೇ ತಪ್ಪಾಗಿದ್ದರೆ

ಮೇಲಿನ ಎಲ್ಲವನ್ನೂ ನೋಡಿದ ನಂತರವೂ ನಕ್ಷೆಯಲ್ಲಿ ನಡುವಿನ ಅಂಕಿ 300, ಮೂಲೆಯ ಅಂಕಿ 20 ಎಂದು ಉಳಿದರೆ ತಪ್ಪು ಹೊಂದಾಣಿಕೆಯದಲ್ಲ, ದೀಪದ್ದು. ಒಂದೇ ಬಿಂದುವಿನಿಂದ ಬೆಳಕು ಸುರಿಯುವ ದೀಪ ಸುಮಾರು 60 ಸೆಂಟಿಮೀಟರ್ ಉದ್ದಗಲದ ಜಾಗಕ್ಕೆ ಸಲ್ಲುತ್ತದೆ, 120 ಸೆಂಟಿಮೀಟರ್ ತೊಟ್ಟಿಗೆ ಅಂಥದೇ ಒಂದನ್ನು ಹೆಚ್ಚು ಪ್ರಖರವಾಗಿ ಉರಿಸುವುದರಿಂದ ನಡುವೆ ಸುಡುವುದಲ್ಲದೆ ಮೂಲೆಗೇನೂ ಸಿಗುವುದಿಲ್ಲ. ಅಲ್ಲಿ ಎರಡು ದೀಪಗಳು ಬೇಕು, ಅಥವಾ ಉದ್ದನೆಯ ಪಟ್ಟಿಯಂಥ ದೀಪ ಬೇಕು. ದೀಪವನ್ನು ನೀರಿನಿಂದ 20 ರಿಂದ 30 ಸೆಂಟಿಮೀಟರ್ ಮೇಲಕ್ಕೆ ಎತ್ತಿದರೆ ನಡುವಿನ ತೀವ್ರತೆ ಇಳಿದು ಹರಡಿಕೆ ಸಮನಾಗುವುದರಿಂದ, ಹೊಸದನ್ನು ಕೊಳ್ಳುವ ಮೊದಲು ಇದನ್ನು ಪ್ರಯತ್ನಿಸಿ ಮತ್ತೆ ಅಳೆಯಬೇಕು.

ಕೊಳ್ಳಲೇಬೇಕಾದರೆ ವ್ಯಾಟ್‌ಗಳನ್ನು ನೋಡಿ ತೀರ್ಮಾನಿಸಬಾರದು. ನೀರಿನ ಪ್ರಮಾಣಕ್ಕೆ ಇಷ್ಟು ವ್ಯಾಟ್ ಎಂಬ ಹಳೆಯ ಸೂತ್ರ ಟ್ಯೂಬ್‌ಗಳ ಕಾಲದ್ದು, ಅದೇ ವ್ಯಾಟ್‌ಗೆ ಎಲ್‌ಇಡಿಗಳು ಒಂದರಿಂದ ಒಂದಕ್ಕೆ ಬಹಳ ಬೇರೆಯಾದ ಬೆಳಕನ್ನು ಕೊಡುತ್ತವೆ. ಸಿಹಿನೀರಿನ ಗಿಡಗಳಿಗೆಂದು ಮಾಡಿದ 6500 ಕೆಲ್ವಿನ್ (ಹಗಲಿನಂಥ ಬಿಳಿ ಬಣ್ಣದ) ದೀಪದ ಕೆಳಗೆ ಗಟ್ಟಿಮುಟ್ಟಾದ ಮೃದು ಹವಳಗಳು ಬದುಕುತ್ತವೆ, ಆದರೆ ಅವುಗಳ ಬಣ್ಣ ಹೊಳೆಯುವುದಿಲ್ಲ. ಹವಳಕ್ಕೆ 420 ರಿಂದ 460 ನ್ಯಾನೋಮೀಟರಿನ ನೀಲಿ ಧಾರಾಳವಾಗಿರುವ, ಬಣ್ಣಗಳನ್ನು ಬೇರೆ ಬೇರೆಯಾಗಿ ಹೊಂದಿಸಬಹುದಾದ ದೀಪ ತಕ್ಕದ್ದು. ತಯಾರಕರು ಬೇರೆ ಬೇರೆ ಆಳಗಳಲ್ಲಿ, ಅಂಚಿನವರೆಗೆ, ನೀರಿನೊಳಗೆ ಅಳೆದ ಪಾರ್ ಕೋಷ್ಟಕ ಕೊಟ್ಟಿದ್ದಾರೆಯೇ ಎಂದು ನೋಡಬೇಕು. ದೀಪದ ನೇರ ಕೆಳಗಿನ ಒಂದೇ ಗರಿಷ್ಠ ಅಂಕಿಯನ್ನು ಕೊಟ್ಟಿದ್ದರೆ ಅದರಿಂದ ಮೂಲೆಯ ಸ್ಥಿತಿ ಏನೂ ತಿಳಿಯುವುದಿಲ್ಲ. ಮೃದು ಹವಳ ಮತ್ತು ದೊಡ್ಡ ಪಾಲಿಪ್ ಹವಳಗಳನ್ನು ಮಾತ್ರ ಸಾಕಲಿರುವವರಿಗೆ ತೊಟ್ಟಿಯ ನಡು ಎತ್ತರದಲ್ಲಿ 100 ಮೈಕ್ರೋಮೋಲ್, ಮರಳಿನ ಮೇಲೆ 50 ಸಮನಾಗಿ ಕೊಡುವ ದೀಪ ಸಾಕೇ ಸಾಕು. ಮುಂದೆಂದಾದರೂ ಅಕ್ರೊಪೊರಾ ಸಾಕಬಹುದೆಂದು ಮೊದಲೇ ಅತಿ ಬಲಶಾಲಿ ದೀಪ ತರುವುದನ್ನು ನಾನು ಒಪ್ಪುವುದಿಲ್ಲ, ಅದರ ಶಕ್ತಿ ಮೊದಲ ವರ್ಷದ ಹವಳಗಳ ಮೇಲೆಯೇ ಪರೀಕ್ಷೆಗೆ ಒಳಗಾಗುತ್ತದೆ.

ತಿದ್ದುಪಡಿಯ ವೇಗ

ಪಾಚಿಗಳು ಹೊಸ ಬೆಳಕಿಗೆ ಒಗ್ಗಿಕೊಳ್ಳಲು ಎರಡು ಮೂರು ವಾರ ಬೇಕು. ಆದ್ದರಿಂದ ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ತಾರೀಖಿನೊಂದಿಗೆ ಬರೆದಿಟ್ಟು, ಕನಿಷ್ಠ ಎರಡು ವಾರ ಕಾಯಬೇಕು. ಬೆಳಕನ್ನು ಇಳಿಸಬೇಕಾದಾಗ ಒಂದೇ ದಿನದಲ್ಲಿ ಮೂರನೆಯ ಒಂದು ಭಾಗ ಇಳಿಸಿದರೂ ಹಾನಿಯಿಲ್ಲ. ಏರಿಸಬೇಕಾದಾಗ ವಾರಕ್ಕೆ ಶೇಕಡಾ 5 ಕ್ಕಿಂತ ಹೆಚ್ಚು ಬೇಡ. ಬಿಳಿಚಿದ ಹವಳವನ್ನು ಕತ್ತಲೆಗೆ ತಳ್ಳಬಾರದು, ಏಕೆಂದರೆ ಉಳಿದಿರುವ ಕೆಲವೇ ಪಾಚಿಗಳು ಮತ್ತೆ ಹೆಚ್ಚಲು ಬೆಳಕು ಬೇಕು: ಮೃದು ಹವಳಕ್ಕೆ ಹೇಳಿದ 50 ಮೈಕ್ರೋಮೋಲಿನ ಜಾಗದಲ್ಲಿಟ್ಟು, ಪಾಲಿಪ್‌ಗಳು ಬಾಯಿ ತೆರೆಯುವುದಾದರೆ ವಾರಕ್ಕೆರಡು ಬಾರಿ ಸಣ್ಣ ಆಹಾರದ ತುಣುಕುಗಳನ್ನು ಕೊಡಬೇಕು. ಬಣ್ಣ ಮರಳಲು ವಾರಗಳಿಂದ ತಿಂಗಳುಗಳವರೆಗೆ ಹಿಡಿಯಬಹುದು, ಮೊದಲು ಬರುವ ಬಣ್ಣ ಕಂದು, ಮತ್ತು ಅದು ಬಂದಾಗ ಬೆಳಕು ಕಡಿಮೆಯಾಯಿತೆಂದು ಭಾವಿಸಿ ದೀಪವನ್ನು ಏರಿಸಬಾರದು.

ಹಳೆಯ ದೀಪದ ಜಾಗಕ್ಕೆ ಹೊಸದನ್ನು ಹಾಕುವವರು ಹಳೆಯದನ್ನು ತೆಗೆಯುವ ಮೊದಲು ಐದಾರು ಗುರುತಿಸಿದ ಜಾಗಗಳಲ್ಲಿ ಅದರ ಪಾರ್ ಬರೆದಿಟ್ಟುಕೊಳ್ಳಬೇಕು. ಹೊಸ ದೀಪವನ್ನು ಅದೇ ಜಾಗಗಳಲ್ಲಿ ಅದೇ ಅಂಕಿ ಬರುವವರೆಗೆ ತಗ್ಗಿಸಿ, ಅಲ್ಲಿಂದ ವಾರಕ್ಕೆ ಶೇಕಡಾ 5 ರಂತೆ ಏರಿಸಬೇಕು. ಮೀಟರ್ ಸಿಗದಿದ್ದರೆ ಶೇಕಡಾ 30 ರಿಂದ ಆರಂಭಿಸಿ, ಮೇಲಿನ ಸಾಲಿನ ಹವಳಗಳನ್ನು ಮರಳಿನ ಮೇಲಕ್ಕೆ ಇಳಿಸಿ, ಪ್ರತಿ ಏರಿಕೆಯ ನಂತರ ಮೇಲೆ ಉಳಿದಿರುವ ಒಂದು ಗಟ್ಟಿ ಹವಳದ ದೀಪಕ್ಕೆ ಮುಖಮಾಡಿದ ಮೈಯನ್ನೂ ನೆರಳಿನ ಮೈಯನ್ನೂ ಹೋಲಿಸಿ ನೋಡುತ್ತಿರಬೇಕು. ಎರಡರ ನಡುವೆ ಬಣ್ಣದ ಅಂತರ ಕಾಣಿಸಿಕೊಂಡ ವಾರದಲ್ಲಿ ಏರಿಕೆಯನ್ನು ಅಲ್ಲಿಗೇ ನಿಲ್ಲಿಸಿ, ಹಿಂದಿನ ವಾರದ ಮಟ್ಟಕ್ಕೆ ಮರಳಿ ತಂದು ಒಂದು ತಿಂಗಳು ಹಾಗೆಯೇ ಬಿಡಬೇಕು.